ಬೀಳಬೇಕಾಗಿದ್ದ ಪ್ರೋಗ್ರಾಮ್

ಮಷಿನ್ನಿನ ಮ್ಯಾಲೆ ಯಾರರೆ ಸಿಟ್ಟು ಇಟಗೋತಾರೇನು ಅಂತ ನಮ್ಮ ಮನಿಯವರು ನಗತಾರ. ನಗಲಿ. ನನಗ ಒಂದು ಪ್ರೊಸೆಸರಿನ ಮ್ಯಾಲೆ ಇವತ್ತಿಗೂ ಸಿಟ್ಟದ. ಅದು ನನಗ ಸುಳ್ಳು ಹೇಳಿತು. ಹೇಳಿತು ಅನ್ನೂದೂ ತಪ್ಪು. ಅದು ಏನೂ ಹೇಳಲಿಲ್ಲ, ಸುಮ್ಮನ ಇತ್ತು. ಆ ಸುಮ್ಮನಿರೂದನ್ನ ನಾ ಒಪ್ಪಿಗಿ ಅಂತ ತಿಳಕೊಂಡೆ. ಅಷ್ಟರಿಂದ ನನ್ನ ಜೀವದ ಗೆಳತಿ ಕಳ್ಳಿ ಅನಿಸಿಕೊಂಡ್ಲು. ಅನಿಸಿದಾಕಿ ನಾನಽ.

ಹುಬ್ಬಳ್ಳಿಯ ದೇಶಪಾಂಡೆ ನಗರದಾಗ ಒಂದು ಔಷಧ ಅಂಗಡಿ ಮ್ಯಾಲಿನ ಮಾಳಿಗಿಯೊಳಗ ನಮ್ಮ ಆಫೀಸಿತ್ತು. ನಾವು ಮೂರಽ ಮಂದಿ: ಸರ್, ಅಕಿ, ನಾನು. ಧಾರವಾಡದ ಕೋಚಿಂಗ್ ಸೆಂಟರಿನವರು ನಡಸೋ ಪರೀಕ್ಷಾದ ಉತ್ತರ ಹಾಳಿ ನಮ್ಮ ಹತ್ರ ಬರ್ತಿದ್ದವು. ಮಕ್ಕಳು ಪೆನ್ನಿಲೆ ಗೋಲ ತುಂಬಿರ್ತಾವಲ್ಲ, ಆ ಹಾಳಿ. ಅವನ್ನ ಸ್ಕ್ಯಾನರಿಗೆ ಹಾಕಿ, ಗುರುತು ಓದಿಸಿ, ಅಂಕ ಕೂಡಿಸಿ, ಪಟ್ಟಿ ಮಾಡಿ ಕೊಡೂದು ನಮ್ಮ ಕೆಲಸ. ಸರ್ ಅಂದ್ರ ನಮ್ಮಿಬ್ಬರಿಗೂ ಕಾಲೇಜಿನಾಗ ಸಿ ಅನ್ನೋ ಕಂಪ್ಯೂಟರ್ ಭಾಷಾ ಕಲಿಸಿದವರು. ರಿಟೈರ್ ಆದ ಮ್ಯಾಲೆ ಈ ಆಫೀಸು ತಗದು, "ನೀವಿಬ್ಬರೂ ಬರ್ರೆವಾ, ಹೊರಗಿನವರು ನನಗ ಬ್ಯಾಡ" ಅಂತ ಮನೀತನಕ ಬಂದು ಕರದಿದ್ರು. ಅಷ್ಟು ದೊಡ್ಡ ಮನಷ್ಯಾ ನಮ್ಮ ಕಟ್ಟಿ ಮ್ಯಾಲೆ ಕುಂತು ಚಾ ಕುಡದು ಹೋದ್ರು ಅಂತ ನಮ್ಮವ್ವ ಓಣಿ ತುಂಬ ಹೇಳಕೊಂಡು ಬಂದಿದ್ಲು.

ಅಕಿ ಹಳೇ ಹುಬ್ಬಳ್ಳಿಯಾಕಿ. ಕಾಲೇಜಿನಾಗ ಒಂದಽ ಬೆಂಚು, ಆಮ್ಯಾಲೆ ಒಂದಽ ಆಫೀಸು. ನಾ ಧಾರವಾಡದಿಂದ ಬಸ್ಸಿಗೆ ಬರೂತನಕ ಅಕಿ ಆಗಲೇ ಬಂದು ಸ್ಕ್ಯಾನರಿನ ಗಾಜು ಒರಸಿರ್ತಿದ್ಲು. ಪ್ರೋಗ್ರಾಮ್ ಬರಿಯಾಕಿ ನಾನು, ಹಾಳಿ ನೋಡಕೊಳ್ಳಾಕಿ ಅಕಿ. ಮಡಚಿದ ಮೂಲಿ ಇದ್ರ ಅಂಗೈಲೆ ನಾಕು ಸಲ ಸವರಿ, ನೆಟ್ಟಗ ಮಾಡಿ ಆಮ್ಯಾಲೆ ಹಾಕ್ತಿದ್ಲು. "ಪಾಪ, ಯಾವ ಕೂಸಿನದೋ ಏನೋ" ಅಂತಿದ್ಲು, ಮೂರು ಸಾವಿರ ಹಾಳಿ ಇದ್ರೂ. ನನಗ ಸಿಟ್ಟು ಲಗೂ, ಅಕಿಗೆ ಇಲ್ಲಽ ಇಲ್ಲ. "ಬೆಂಕಿ ಬಂತು ನೋಡ್ರಿ ಸರ್" ಅಂತ ನಾ ಮೆಟ್ಟಲ ಹತ್ತೂದನ್ನ ನೋಡಿ ನಗತಿದ್ಲು. ಮಧ್ಯಾಹ್ನ ಅಕಿ ಡಬ್ಬಿಯೊಳಗಿನ ರೊಟ್ಟಿ, ಶೇಂಗಾ ಚಟ್ನಿ ನನಗ, ನಂದು ಅಕಿಗೆ. ಯಾರೂ ಹಂಗ ಅಂತ ಗೊತ್ತು ಮಾಡಿದ್ದಿಲ್ಲ, ಹಂಗ ನಡದಿತ್ತು.

ನನ್ನ ಪ್ರೋಗ್ರಾಮ್ ವಿಷಯ ಸ್ವಲ್ಪ ಹೇಳಬೇಕು, ಬ್ಯಾಸರ ಮಾಡಕೋಬ್ಯಾಡ್ರಿ. ಕಂಪ್ಯೂಟರಿನ ಮೆಮರಿಯೊಳಗ ಒಬ್ಬೊಬ್ಬ ವಿದ್ಯಾರ್ಥಿಗೆ ಒಂದೊಂದು ಸಾಲು ಇಟ್ಟಿದ್ದೆ. ಸಾಲಿಗೆ ನೂರು ಮನಿ, ನೂರು ಪ್ರಶ್ನಾಕ್ಕ ನೂರು ಉತ್ತರ. ಸಿ ಭಾಷಾದಾಗ ಏನು ಫಜೀತಿ ಅಂದ್ರ, ತಪ್ಪಿ ನೂರಾ ಒಂದನೇ ಉತ್ತರ ಬಂತು ಅಂದ್ರ ಅದು "ಜಾಗಾ ಇಲ್ಲ" ಅನ್ನೂದಿಲ್ಲ. ಬಾಜೂ ಹುಡುಗನ ಸಾಲಿನ ಮೊದಲನೇ ಮನಿಯೊಳಗ ಹೋಗಿ ಕೂಡ್ತದ. ಅಲ್ಲಿ ಇದ್ದದ್ದು ಅಳಿಸಿ ಹೋಗ್ತದ. ಯಾರಿಗೂ ಗೊತ್ತಾಗೂದಿಲ್ಲ. ಸರ್ ನಮಗ ಮೊದಲನೇ ದಿವಸ ಕಲಿಸಿದ್ದಽ ಇದು: "ಗಡಿ ನೋಡಕೋರೆವಾ. ಭಾಷಾ ನೋಡೂದಿಲ್ಲ, ನೀವ ನೋಡಬೇಕು."

ನಾ ನೋಡಕೋತಿದ್ದೆ. ಆದ್ರೂ ಹೆದರಿಕಿ. ಮಕ್ಕಳ ಅಂಕ, ಆಟ ಅಲ್ಲ. ಅದಕ್ಕಽ ಆಫೀಸಿಗೆ ಹೊಸ ಮಷಿನ್ ಬಂದಾಗ ಅದರ ಪ್ರೊಸೆಸರಿನಾಗ ಗಡಿ ನೋಡೋ ಸವಲತ್ತು ಅದ ಅಂತ ಓದಿ ನನಗ ಹಬ್ಬ ಆಗಿತ್ತು. ಸಾಲು ಎಲ್ಲಿ ಶುರು, ಎಲ್ಲಿ ಮುಗೀತು ಅನ್ನೂದನ್ನ ಪ್ರೊಸೆಸರ್ ತಾನಽ ನೆನಪಿಟಗೋತದ. ಪ್ರತಿ ಸಲ ಬರಿಯೋ ಮುಂದ ಗಡಿ ನೋಡ್ತದ. ದಾಟಿದ್ರ ಪ್ರೋಗ್ರಾಮನ್ನ ಅಲ್ಲೇ ಬೀಳಸ್ತದ. ಬೀಳೂದು ಅಂದ್ರ ನಿಂತಬಿಡೂದು, ಮುಂದ ಒಂದು ಅಕ್ಷರ ಬರಿಯೂದಿಲ್ಲ. ತಪ್ಪು ಅಂಕ ಬರೂಕಿಂತ ಬೀಳೂದು ಛಲೋ ಅಲ್ರೀ?

ಆದ್ರ ಪ್ರೊಸೆಸರ್ ಒಂದಽ ಸಾಕಾಗೂದಿಲ್ಲ. ಕರ್ನೆಲ್ ಅಂತ ಒಂದು ಇರ್ತದ, ಇಡೀ ಆಪರೇಟಿಂಗ್ ಸಿಸ್ಟಮ್ಮಿನ ಒಳಗಿನ ಯಜಮಾನ. ಗಡಿಗಳ ಪಟ್ಟಿ ಇಡಲಿಕ್ಕೆ ಮೆಮರಿಯೊಳಗ ಜಾಗಾ ಕೊಡೂದು ಅದರ ಕೆಲಸ. "ದಾಟಿದ್ರು" ಅಂತ ಪ್ರೊಸೆಸರ್ ಒದರಿದ್ದನ್ನ ಪ್ರೋಗ್ರಾಮಿಗೆ ಮುಟ್ಟಸೂದೂ ಅದರದಽ. ಯಜಮಾನ ಕೈ ಹಚ್ಚಿದ್ರ ಮಾತ್ರ ಕಾವಲು ನಡೀತದ. ಆಗ ನಮ್ಮ ಕರ್ನೆಲ್ ಕೈ ಹಚ್ಚತಿತ್ತು.

ಅದನ್ನ ಪರೀಕ್ಷಾ ಮಾಡ್ಲಿಕ್ಕೆ ನಾ ಹತ್ತು ಸಾಲಿನ ಒಂದು ಸಣ್ಣ ಪ್ರೋಗ್ರಾಮ್ ಬರದಿದ್ದೆ. ಹತ್ತು ಮನಿ ಮಾಡಿ, ಬೇಕಂತಽ ಹನ್ನೊಂದನೇದಕ್ಕ ಬರಿಯೂದು. ಕಾವಲು ಇದ್ರ ಅದು ಬೀಳಬೇಕು. ಬೀಳೋ ಪ್ರೋಗ್ರಾಮ್ ಅಂತಽ ಹೆಸರಿಟ್ಟಿದ್ವಿ. ಮಷಿನ್ನಿಗೆ ಏನರ ಹೊಸಾದು ಹಾಕಿದಾಗೆಲ್ಲಾ ನಾ ಅದನ್ನ ಮೊದಲ ಓಡಸ್ತಿದ್ದೆ. ಅಕಿ ಸ್ಕ್ಯಾನರ್ ಖೋಲಿಯಿಂದ, "ಬಿತ್ತೇನಽ?" ಅಂತ ಒದರತಿದ್ಲು. "ಬಿತ್ತು" ಅಂದ್ರ, "ಹಂಗಾರ ಚಾ ತರಸೂಣು" ಅಂತಿದ್ಲು. ಪ್ರೋಗ್ರಾಮ್ ಬಿದ್ರ ಖುಷಿ ಪಡೋ ಮಂದಿ ಹುಬ್ಬಳ್ಳಿಯೊಳಗ ನಾವಿಬ್ಬರಽ ಇದ್ದಿರಬೇಕು.

ಖಂಡೇಪೂಜಿ ಬಂತು, ದಸರಾದ ಆಯುಧಪೂಜಿ. ನಮ್ಮ ಆಫೀಸಿನಾಗ ಆ ಪೂಜಿ ಅಂದ್ರ ವರ್ಷದ ತೊಳಿಯೂದು ಬಳಿಯೂದು ಎಲ್ಲಾ. ಫ್ಯಾನ್ ಒಳಗಿನ ಧೂಳಾ ತಗಿಯೂದು, ವೈರ್ ಒರಸೂದು. ಕಂಪ್ಯೂಟರಿನ ಒಳಗಿಂದೂ ಹೊಸಾದು ಮಾಡೂದು ಸರ್ ಪದ್ಧತಿ. ಪೂಜಿ ಹಿಂದಿನ ದಿವಸ ಮಧ್ಯಾಹ್ನ ಅವರಽ ಕುಂತು ಹೊಸ ಕರ್ನೆಲ್ ಹಾಕಿದ್ರು. ಮರುದಿವಸ ಮಷಿನ್ನಿಗೆ ವಿಭೂತಿ, ಕುಂಕುಮ, ಚೆಂಡು ಹೂವಿನ ಸರ, ಮುಂದ ಬೂದಗುಂಬಳಕಾಯಿ. ಮಂಗಳಾರತಿ ಆದ ಮ್ಯಾಲೆ ಮಷಿನ್ ಚಾಲೂ ಮಾಡಿದ್ವಿ.

"ನಿನ್ನ ಬೀಳೋ ಪ್ರೋಗ್ರಾಮ್ ಓಡಸಲಾ?" ಅಂದ್ಲು ಅಕಿ.

"ಏ, ಹುಚ್ಚಿ ಏನಽ ನೀ? ಪೂಜಿ ಮಾಡಿದ ಮಷಿನ್ನಿನ ಮೊದಲ ಬೋಣಿಗಿನಽ ಬೀಳೂದಾ? ಅಪಶಕುನ. ಇವತ್ತ ಛಲೋದೊಂದು ಓಡಸೂಣು" ಅಂದೆ ನಾನು. ಸಾಯನ್ಸ್ ಓದಿದಾಕಿ ನಾನು, ಅಂದೆ. ಸರೂ ಗೋಣು ಹಾಕಿದ್ರು. ಹೋದ ವರ್ಷದ ಒಂದು ಛಲೋ ಪಟ್ಟಿ ಓಡಿಸಿ, ಎಲ್ಲಾರೂ ಪಾಸಾದದ್ದು ಬಂತು, ಕೈ ಮುಗದು ಮನಿಗೆ ಹೋದ್ವಿ. ದಸರಾ ಸೂಟಿ ಮುಗದು ಬಂದ ದಿವಸ ಅಕಿ ನೆನಪಿಟ್ಟು ಕೇಳಿದ್ಲು, "ಓಡಿಸಿದೇನಽ?" ಅಂತ. ನನ್ನ ಕಿವಿಯೊಳಗ ಫೋನಿತ್ತು, ಯಾವದೋ ಸೆಂಟರಿನವರು ಒದರಲಿಕ್ಕೆ ಹತ್ತಿದ್ರು. "ಹೂಂ" ಅಂದೆ. ಓಡಿಸಿದ್ದಿಲ್ಲ. ಆಮ್ಯಾಲೆ ಓಡಸ್ತೇನಿ ಅಂತ ಮನಸಿನಾಗ ಇತ್ತು. ಆಮ್ಯಾಲೆ ಅದೂ ಹೋತು.

ಎರಡು ತಿಂಗಳಾದ ಮ್ಯಾಲೆ ಒಂದು ಸೆಂಟರಿನವರು ಪುಕ್ಕಟೆ ಕೋಚಿಂಗ್ ಕೊಡ್ಲಿಕ್ಕೆ ಪರೀಕ್ಷಾ ಇಟ್ರು. ಮೊದಲ ಇಪ್ಪತ್ತು ಮಂದಿಗೆ ಕೋಚಿಂಗೂ, ಹಾಸ್ಟೇಲೂ. ನನ್ನ ಗೆಳತಿಯ ಅಕ್ಕನ ಮಗಳು ಬರದಿತ್ತು. ತಾಯಿ ಇಲ್ಲದ ಹುಡುಗಿ, ಇವಳ ಮನ್ಯಾಗ ಬೆಳದಾಕಿ, ಇವಳನ್ನ ಚಿಗವ್ವ ಅಂತ ಕರಿಯಾಕಿ. ಪಟ್ಟಿ ಬಂದಾಗ ಹುಡುಗಿ ಹತ್ತೊಂಬತ್ತನೇ ನಂಬರ್. ಅವತ್ತ ನನ್ನ ಗೆಳತಿ ಮಿರ್ಚಿ ಗಿರಮಿಟ್ ತರಿಸಿ, ಕೆಳಗಿನ ಔಷಧ ಅಂಗಡಿಯವರಿಗೂ ಕೊಟ್ಲು.

ಇಪ್ಪತ್ತೊಂದನೇ ನಂಬರ್ ಬಂದ ಹುಡುಗನ ತಂದಿ ತಕರಾರು ತಗದ್ರು. ಹಾಳಿ ತೋರಸ್ರಿ ಅಂದ್ರು. ಇಪ್ಪತ್ತೂ ಮಂದಿಯ ಹಾಳಿ ತಗದು ಕಂಪ್ಯೂಟರಿನ ಪಟ್ಟಿ ಜೋಡಿ ಕೂಡಿಸಿ ನೋಡಿದ್ವಿ. ಹತ್ತೊಂಬತ್ತರ ಹಾಳಿ ಕೂಡಲಿಲ್ಲ. ಮೊದಲನೇ ಹತ್ತು ಉತ್ತರ ಹಾಳಿಯೊಳಗ ಒಂದು, ಕಂಪ್ಯೂಟರಿನಾಗ ಇನ್ನೊಂದು. ಹಾಳಿಯೊಳಗ ತಪ್ಪಿದ್ದ ಎಂಟು, ಕಂಪ್ಯೂಟರಿನಾಗ ಸರಿ. ಬಾಕಿ ತೊಂಬತ್ತು ಅಕ್ಷರಶಃ ಒಂದಽ. ಆ ಸ್ಕ್ಯಾನರ್ ಖೋಲಿಯ ಕೀಲಿ ನನ್ನ ಗೆಳತಿ ಹತ್ರ ಇರ್ತಿತ್ತು. ಹುಡುಗಿ ಅಕಿ ಮನೀದು. ಇನ್ನ ಹೇಳೂದೇನದ?

ಮೂರನೇ ದಿವಸ ಸರ್ ಮೀಟಿಂಗ್ ಕರದ್ರು. ಸೆಂಟರಿನವರು ಇಬ್ಬರು ಬಂದು ಕುಂತಿದ್ರು. ಅಕಿ ಕಿಡಕಿ ಬಾಜೂಕ ನಿಂತಿದ್ಲು, ಕೂಡು ಅಂದ್ರೂ ಕೂಡಲಿಲ್ಲ.

ಸರ್ ನನ್ನ ಕಡೆ ತಿರಗಿ, ಭಾಳ ಮೆತ್ತಗ ಕೇಳಿದ್ರು: "ನೋಡವಾ, ನಿನ್ನ ಪ್ರೋಗ್ರಾಮಿನಿಂದ ಇದು ಆಗಿರಬಹುದೇನು? ಒಬ್ಬರ ಉತ್ತರ ಇನ್ನೊಬ್ಬರ ಸಾಲಿಗೆ ಹೋಗೂದು?"

"ಶಕ್ಯನಽ ಇಲ್ಲ ರೀ ಸರ್" ಅಂದೆ. ನನ್ನ ಕೆಲಸದ ಮ್ಯಾಲೆ ಪ್ರಶ್ನಾ ಬಂತಲ್ಲ, ನೆತ್ತಿಗೇರಿತ್ತು. "ಪ್ರೊಸೆಸರಽ ಗಡಿ ಕಾಯತದ. ಕರ್ನೆಲ್ ಅದಕ್ಕ ಬೆನ್ನಿಗಿರ್ತದ. ದಾಟಿದ್ರ ಪ್ರೋಗ್ರಾಮ್ ಅಲ್ಲೇ ಬೀಳಬೇಕು. ಬಿದ್ದಿಲ್ಲ. ಅಂದ್ರ ದಾಟಿಲ್ಲ."

ಬಂದವರೊಳಗ ಒಬ್ಬರು, "ಹಂಗಾದ್ರ ಇದು ಹೆಂಗಾತು ಮೇಡಂ?" ಅಂದ್ರು.

"ಕೈಯಿಂದ ಬದಲ ಮಾಡಿದ್ದು" ಅಂದೆ.

ಈ ಬಾಯಿಲೆ ಅಂದೆ. ಯಾರ ಕೈ ಅಂತ ಅನ್ನಲಿಲ್ಲ, ಅನ್ನೂ ಜರೂರಿ ಇರಲಿಲ್ಲ. ಅಕಿ ನನ್ನ ನೋಡಿದ್ಲು. ನಾ ಮೇಜಿನ ಮ್ಯಾಲಿನ ಹಾಳಿ ನೋಡಿದೆ. ಅಕಿ ಜಗಳಾಡಲಿಲ್ಲ, ಅಳಲಿಲ್ಲ. ಸೊಂಟದಾಗಿನ ಕೀಲಿ ತಗದು ಸರ್ ಮುಂದ ಇಟ್ಟು, ಚಪ್ಪಲಿ ಮೆಟಗೊಂಡು ಇಳದು ಹೋದ್ಲು. ಡಬ್ಬಿ ಅಲ್ಲೇ ಬಿಟ್ಟು ಹೋಗಿದ್ಲು. ಮರುದಿವಸ ಸರ್ ಅದನ್ನ ಯಾರದೋ ಕೈಯಾಗ ಕಳಿಸಿದ್ರು.

ಆಮ್ಯಾಲೆ ಎರಡು ಸಲ ಅಕಿ ಫೋನ್ ಮಾಡಿದ್ಲು. ನಾ ಎತ್ತಲಿಲ್ಲ. ಯಾಕಂದ್ರ ಮೋಸ ಹೋದಾಕಿ ನಾನು ಅಂತ ನನಗ ಖಾತ್ರಿ ಇತ್ತು. ನನ್ನ ಪ್ರೋಗ್ರಾಮಿನೊಳಗ ಕೈ ಹಾಕಿದ್ಲು, ನನ್ನ ಬಾಜೂಕ ಕುಂತು, ನನ್ನ ಡಬ್ಬಿ ಉಂಡು! ಇಪ್ಪತ್ತು ವರ್ಷದ ಗೆಳೆತನಕ್ಕ ಇದಽ ಬೆಲಿ ಏನು ಅಂತ ಬಸ್ಸಿನಾಗ ಕುಂತು ಕಣ್ಣೀರು ಹಾಕೇನಿ. ಪಾಪ, ಮನ್ಯಾಗಿನ ಹುಡುಗಿ, ಕರುಳು ತಡೀಲಿಲ್ಲ ಅಂತ ಒಂದೊಂದು ದಿವಸ ದೊಡ್ಡ ಮನಸು ಮಾಡಿ ಅಕಿಗೆ ಮಾಫಿನೂ ಕೊಟ್ಟೇನಿ, ಒಳಗೊಳಗಽ. ನೆನಸಿಕೊಂಡ್ರ ಈಗ ನನ್ನ ಕಪಾಳಕ್ಕ ನಾನಽ ಹೊಡಕೋಬೇಕು ಅನಸ್ತದ.

ಹಿಂಗ ಒಂದು ವರ್ಷ ಹೋತು. ಆಫೀಸಿಗೆ ಇನ್ನೊಂದು ಹೊಸ ಮಷಿನ್ ಬಂತು. ಪ್ರೋಗ್ರಾಮನ್ನ ಅದರ ಮ್ಯಾಲೆ ಕಟ್ಟಲಿಕ್ಕೆ ಹೋದ್ರ ಕಂಪೈಲರ್, ಅಂದ್ರ ನಾ ಬರದದ್ದನ್ನ ಮಷಿನ್ನಿನ ಭಾಷಾಕ್ಕ ತಿರಗಸೋದು, ತಕರಾರು ತಗೀತು. ಗಡಿ ನೋಡೋ ಆಯ್ಕಿ ಈಗ ಇಲ್ಲ ಅಂತು. ಇಲ್ಲ ಅಂದ್ರ? ನನಗ ಸಿಟ್ಟು ಬಂತು. ಅವತ್ತ ಮಧ್ಯಾಹ್ನ ಸರ್ ಧಾರವಾಡಕ್ಕ ಹೋಗಿದ್ರು, ನಾ ಒಬ್ಬಾಕಿನಽ. ಕುಂತು ಓದಲಿಕ್ಕೆ ಹತ್ತಿದೆ.

ಆ ಸವಲತ್ತು ಉಪಯೋಗ ಮಾಡೋರು ಭಾಳ ಕಡಿಮಿ ಇದ್ರಂತ. ಪ್ರೋಗ್ರಾಮ್ ನಿಧಾನ ಆಗ್ತಿತ್ತಂತ. ಕರ್ನೆಲ್ಲಿನೊಳಗ ಅದನ್ನ ನೋಡಕೊಳ್ಳೂದು ಹೊರಿ ಆಗಿತ್ತಂತ. ಅದಕ್ಕಽ ಕರ್ನೆಲ್ ಬರಿಯೋ ಮಂದಿ ಎಲ್ಲಾರ ಮುಂದ ಚರ್ಚಾ ಮಾಡಿ, ತಗದು ಒಗದಿದ್ರು. ಕದ್ದು ಮುಚ್ಚಿ ಏನೂ ಮಾಡಿದ್ದಿಲ್ಲ, ಎಲ್ಲಾ ಬರದಿಟ್ಟಿದ್ರು. ನಾ ಓದಿದ್ದಿಲ್ಲ ಅಷ್ಟ. ತಗದದ್ದು ಯಾವ ಕರ್ನೆಲ್ಲಿನಿಂದ ಅಂತ ನೋಡಿದೆ. ಸರ್ ಖಂಡೇಪೂಜಿ ಹಿಂದಿನ ದಿವಸ ಹಾಕಿದ್ದು ಅದಕ್ಕಿಂತ ಹೊಸಾದು.

ಇನ್ನೂ ಮುಂದ ಓದಿದೆ. ಕರ್ನೆಲ್ ಕೈ ಹಚ್ಚಲಿಲ್ಲ ಅಂದ್ರ ಆ ಪ್ರೊಸೆಸರ್ ಏನು ಮಾಡ್ತದ? "ಗಡಿ ನೋಡು" ಅನ್ನೋ ಆಜ್ಞಾ ಬಂದಾಗ "ಆಗೂದಿಲ್ಲ" ಅಂತ ಒದರತದೇನು? ಇಲ್ಲ. ಸುಮ್ಮನ ಅದನ್ನ ದಾಟಿ ಮುಂದ ಹೋಗ್ತದ. ಹಳೇ ಮಷಿನ್ನಿನ ಮ್ಯಾಲೂ ಪ್ರೋಗ್ರಾಮ್ ಓಡಲಿ ಅಂತ ಹಂಗ ಮಾಡ್ಯಾರ. ನನ್ನ ಪ್ರೋಗ್ರಾಮಿನ ತುಂಬ ಗಡಿ ನೋಡೋ ಆಜ್ಞಾ ಇದ್ದವು, ಸಾವಿರಾರು. ಎಲ್ಲಾಕ್ಕೂ ಅದು ಹೂಂ ಅಂದದ, ಒಂದನ್ನೂ ಮಾಡಿಲ್ಲ. ನಾ ಸೈತ ಅಕಿಗೆ ಹೂಂ ಅಂದಿದ್ದೆನಲ್ಲ, ಅದು ಆಗ ನೆನಪಾತು. ಪ್ರೋಗ್ರಾಮ್ ಶುರುವಾಗೂ ಮುಂದ ಕಾವಲು ಸಿಗಲಿಲ್ಲ ಅಂತ ಒಂದು ಎಚ್ಚರಿಕಿ ಸಾಲು ಬರ್ತಿತ್ತು ಅಂತನೂ ಅಲ್ಲಿ ಬರದಿತ್ತು. ಅದು ನನಗ ಕಂಡಿಲ್ಲ. ಹೆಂಗ ಕಾಣಬೇಕು? ಪಾಲಕರು ಬಂದಾಗ ಪರದೆ ಮ್ಯಾಲೆ ಏನೇನೋ ಬಂದ್ರ ಹೆದರತಾರ ಅಂತ ಸರ್ ಅಂದಿದ್ದಕ್ಕ ಅಂಥಾ ಸಾಲೆಲ್ಲಾ ನಾನಽ ಮುಚ್ಚಿದ್ದೆ.

ಹಳೇ ಮಷಿನ್ ಮೂಲ್ಯಾಗ ಇತ್ತು. ಚಾಲೂ ಮಾಡಿ ಬೀಳೋ ಪ್ರೋಗ್ರಾಮ್ ಓಡಿಸಿದೆ. ಹನ್ನೊಂದನೇ ಮನಿಗೆ ಬರೀತು. ಮುಗೀತು ಅಂತ ಹೇಳಿತು. ಬೀಳಲಿಲ್ಲ. ಮತ್ತೊಮ್ಮೆ ಓಡಿಸಿದೆ. ಮಗನದು, ಬೀಳಲೇ ಇಲ್ಲ.

ಆ ಪರೀಕ್ಷಾದ ಹಾಳಿ ಕಟ್ಟು ಬಿಚ್ಚಿದೆ. ಹುಡುಗಿಯ ಹಿಂದಿನ ರೋಲ್ ನಂಬರಿನ ಹಾಳಿ ತಗದೆ. ಕಡೀ ಭಾಗದಾಗ ಗಣಿತ ಇಲ್ಲಾ ಜೀವಶಾಸ್ತ್ರ, ಎರಡರಾಗ ಒಂದಽ ಬರೀಬೇಕಿತ್ತು, ಹತ್ತು ಪ್ರಶ್ನಾ. ಆ ಹುಡುಗ ಎರಡೂ ಬರದಿದ್ದ. ನೂರಾ ಹತ್ತು ಉತ್ತರ. ಅವನ ಹಾಳಿ ಮಡಚಿ ಹೋಗಿತ್ತು ಅಂತ ಅದನ್ನ ಎಲ್ಲಾ ಮುಗದ ಮ್ಯಾಲೆ ಮತ್ತೊಮ್ಮೆ ಹಾಕಿದ್ರು ಅಂತ ಸ್ಕ್ಯಾನರಿನ ದಾಖಲಿಯೊಳಗಽ ಇತ್ತು. ಅಷ್ಟೊತ್ತಿಗೆ ಹುಡುಗಿಯ ಸಾಲು ತುಂಬಿ ಆಗಿತ್ತು. ಅವನ ಹೆಚ್ಚಿನ ಹತ್ತು ಉತ್ತರ ಹೋಗಿ ಅಕಿಯ ಮೊದಲನೇ ಹತ್ತು ಮನಿಯೊಳಗ ಕುಂತವು. ಬೆರಳಿಟ್ಟು ಒಂದೊಂದಽ ಕೂಡಿಸಿ ನೋಡಿದೆ. ಹತ್ತಕ್ಕ ಹತ್ತೂ ಕೂಡಿದವು. ಎ, ಬಿ, ಸಿ, ಡಿಯೊಳಗ ಒಂದು ಅಷ್ಟಽ ಅಲ್ಲ, ಅವುಗಳೊಳಗ ಎಂಟು ನಸೀಬಿಲೆ ಹುಡುಗಿಯ ಪ್ರಶ್ನಾಕ್ಕ ಸರಿ ಬಿದ್ದಿದ್ದವು. ಗಡಿ ನಾ ನೋಡಬೇಕಿತ್ತು, ಎರಡೂ ಭಾಗ ಬರಿಯೋ ಹುಡುಗ ಇರ್ತಾನ ಅಂತ ನನಗ ಹೊಳದಿದ್ದಿಲ್ಲ.

ಇಷ್ಟರಾಗಽ ಮುಗದಿದ್ರ ನನ್ನ ತಪ್ಪು, ಕರ್ನೆಲ್ಲಿನ ತಪ್ಪು ಅಂತ ಅತ್ತು ಸುಮ್ಮನಾಗತಿದ್ದೆ. ಆದ್ರ ಬೀಳೋ ಪ್ರೋಗ್ರಾಮನ್ನ ಆ ಮಷಿನ್ನಿನ ಮ್ಯಾಲೆ ಕಡೀ ಸಲ ಯಾವಾಗ ಓಡಿಸಿದ್ದೆ ಅಂತ ನೋಡಬೇಕು ಅನಿಸ್ತು. ಟೈಪ್ ಮಾಡಿದ ಆಜ್ಞಾಗಳ ಪಟ್ಟಿ ಮಷಿನ್ನಿನೊಳಗ ಇರ್ತದ, ತಾರೀಖು ವ್ಯಾಳ್ಯಾ ಸಹಿತ. ನನ್ನ ಪಟ್ಟಿಯೊಳಗ ಪೂಜಿ ಆದ ಮ್ಯಾಲೆ ಒಮ್ಮೆನೂ ಇರಲಿಲ್ಲ. ಸರ್ ಹೆಸರಿನ ಪಟ್ಟಿಯೊಳಗ ಇತ್ತು. ಮೀಟಿಂಗಿನ ಹಿಂದಿನ ದಿವಸ, ಮುಂಜಾನೆ ಹನ್ನೊಂದಕ್ಕ. ಒಮ್ಮೆ ಅಲ್ಲ, ಮೂರು ಸಲ. ಅದರ ಕೆಳಗ ಕರ್ನೆಲ್ ಯಾವದು ಅಂತ ಕೇಳೋ ಆಜ್ಞಾ.

ಅಂದ್ರ ಅವರಿಗೆ ಗೊತ್ತಿತ್ತು. ಕಾವಲು ಸತ್ತದ ಅಂತ ಗೊತ್ತಿದ್ದು, ಮರುದಿವಸ ಎಲ್ಲಾರ ಮುಂದ ಅಷ್ಟು ಮೆತ್ತಗ, "ನೋಡವಾ, ನಿನ್ನ ಪ್ರೋಗ್ರಾಮಿನಿಂದ ಆಗಿರಬಹುದೇನು" ಅಂತ ಕೇಳಿದ್ರು. ನಾ ಏನು ಹೇಳ್ತೇನಿ ಅನ್ನೂದೂ ಗೊತ್ತಿತ್ತು.

ಸಂಜೀಮುಂದ ಸರ್ ಬಂದ್ರು. ಪರದೆ ತೋರಿಸಿದೆ. ಕನ್ನಡಕ ಹಾಕ್ಕೊಂಡು ಓದಿದ್ರು, ತಗದ್ರು, ಒರಸಿದ್ರು.

"ಯಾಕ ಸರ್?" ಅಂದೆ.

"ಪ್ರೋಗ್ರಾಮಿನ ತಪ್ಪು ಅಂತ ಹೊರಗ ಬಂದಿದ್ರ ಪೂಜಿ ಆದ ಮ್ಯಾಲಿನ ಪರೀಕ್ಷಾ ಎಲ್ಲಾ ಮತ್ತ ನೋಡಬೇಕಿತ್ತವಾ. ಒಂದು ಸೆಂಟರಿನವರೂ ನಮ್ಮ ಕಡೆ ಬರ್ತಿರಲಿಲ್ಲ. ಇಬ್ಬರಾಗ ಒಬ್ಬರನ್ನ ಉಳಸಬೇಕಾಗಿತ್ತು, ನಾ ನಿನ್ನ ಉಳಿಸಿದೆ."

"ನನ್ನ?"

"ಹೂಂ. ಪ್ರೋಗ್ರಾಮ್ ಬರಿಯೋರು ಎಲ್ಲಿ ಸಿಗತಾರ? ಹಾಳಿ ಹಾಕೋರು ಸಿಗತಾರ."

ಇಪ್ಪತ್ತು ವರ್ಷದ ಹಿಂದ ನಮ್ಮಿಬ್ಬರನ್ನ ಒಂದಽ ಬೆಂಚಿನ ಮ್ಯಾಲೆ ಕೂಡಿಸಿ ಕಲಿಸಿದ ಮನಷ್ಯಾ. ನಾ ಅವತ್ತ ಏನೇನು ಅಂದೆ ಅಂತ ಇಲ್ಲಿ ಬರಿಯೂದಿಲ್ಲ, ಮಾಸ್ತರಿಗೆ ಅನ್ನಬಾರದ ಮಾತು. ಕೆಳಗಿನ ಔಷಧ ಅಂಗಡಿಯವರು ಮ್ಯಾಲೆ ಹತ್ತಿ ಬಂದಿದ್ರು, ಏನಾತು ಅಂತ. ಅದಽ ಮೇಜಿನ ಮ್ಯಾಲೆ ಕುಂತು ನಾ ಆ ಸೆಂಟರಿನವರಿಗೆ ಎಲ್ಲಾ ಬರದೆ: ಕರ್ನೆಲ್ ಬದಲಾದದ್ದು, ನಾ ಪರೀಕ್ಷಾ ಬಿಟ್ಟದ್ದು, ಎರಡು ಹಾಳಿ, ಹತ್ತು ಉತ್ತರ, ಯಾರೂ ಕೈಯಿಂದ ಬದಲ ಮಾಡಿಲ್ಲ ಅನ್ನೂದು. ಪೂಜಿ ಆದಮ್ಯಾಲಿನ ಬಾಕಿ ಪಟ್ಟಿನೂ ಮತ್ತ ನೋಡಸ್ರಿ ಅಂತ ಬರದು ಸಹಿ ಮಾಡಿ ಕಳಿಸಿ, ಕೆಲಸ ಬಿಟ್ಟು ಕೆಳಗಿಳದೆ. ಅದರ ಒಂದು ಪ್ರತಿ ಕೈಯಾಗಿತ್ತು.

ಮರುದಿವಸ ಹಳೇ ಹುಬ್ಬಳ್ಳಿಗೆ ಹೋದೆ. ಅಕಿ ಮನಿ ಓಣಿಗೆ ಆಟೋ ಹೋಗೂದಿಲ್ಲ, ನಡಕೋತ ಹೋದೆ. ಬಾಗಲದಾಗಽ ಹೊಲಿಗಿ ಮಷಿನ್ ಹಾಕ್ಕೊಂಡು ಸೀರಿಗೆ ಫಾಲ್ ಹಚ್ಚಲಿಕ್ಕೆ ಹತ್ತಿದ್ಲು. ನನ್ನ ನೋಡಿ ಕಾಲು ನಿಲ್ಲಿಸಿದ್ಲು. ಬೆಂಕಿ ಬಂತು ಅನ್ನಲಿಲ್ಲ.

"ಬಾ, ಕೂಡು" ಅಂದ್ಲು.

ನಾ ಕೂಡಲಿಲ್ಲ. ನಿಂತಽ ಎಲ್ಲಾ ಹೇಳಿದೆ. ಅತ್ತೆ, ಮತ್ತ ಹೇಳಿದೆ. ಪತ್ರ ಕೊಟ್ಟೆ. ಅಕಿ ಪೂರ್ತಿ ಓದಿದ್ಲು, ಎರಡು ಸಲ. ಆಮ್ಯಾಲೆ ಅಂದ್ಲು, "ನನಗ ಹೇಳಬ್ಯಾಡ. ಒಳಗ ಹುಡುಗಿ ಐತಿ, ಅಕಿಗೆ ಹೇಳು. ನಾನಽ ಅಂಕ ಹಾಕೇನಿ ಅಂತ ಅಕಿ ತಿಳದಾಳ. ವರ್ಷಾತು, ನನ್ನ ಜೋಡಿ ನೆಟ್ಟಗ ಮಾತಾಡಿಲ್ಲ. ನಾ ಕೇಳಿದ್ನೇನು ಚಿಗವ್ವ ನಿನಗ, ಯಾಕ ಮಾಡಿದಿ ಅಂತಾಳ. ನಾ ಏನಂದ್ರೂ ನಂಬಂಗಿಲ್ಲ."

ಒಳಗ ಹೋಗಿ ಹುಡುಗಿ ಮುಂದ ಕುಂತೆ. ಅಕಿ ನೋಟಬುಕ್ಕಿನಾಗ ಚೌಕ ಹಾಕಿ, ಎರಡು ಸಾಲು ಬರದು, ಆ ಹುಡುಗನ ಉತ್ತರ ಹೆಂಗ ಸರದು ಅಕಿ ಮನಿಯೊಳಗ ಬಂತು ಅಂತ ತೋರಿಸಿದೆ. ಶಾಣ್ಯಾ ಹುಡುಗಿ, ಲಗೂ ತಿಳೀತು. ಪೆನ್ನು ಕಸಗೊಂಡು ತಾನಽ ಬಾಣ ಎಳದು ನೋಡಿದ್ಲು.

"ಹಂಗಾರ ನನ್ನ ಖರೇ ಅಂಕ ಎಂಟು ಕಡಿಮಿ" ಅಂದ್ಲು.

"ಹೌದು."

"ಚಿಗವ್ವ ಏನೂ ಮಾಡಿಲ್ಲ."

"ಇಲ್ಲ."

ಹುಡುಗಿ ನೋಟಬುಕ್ ಮುಚ್ಚಿ, ನನ್ನ ದಾಟಿ ಹೊರಗ ಹೋತು. ಹೊರಗ ಹೊಲಿಗಿ ಮಷಿನ್ ಹತ್ರ ಇಬ್ಬರೂ ಅಳೂದು ನನಗ ಕೇಳಸ್ತಿತ್ತು. ನಾ ಒಳಗಽ ಕುಂತೆ, ಎದ್ದು ಹೋಗಲಿಕ್ಕೆ ಆಗಲಿಲ್ಲ.

ಹೊಂಡೂ ಮುಂದ ಅಕಿ ಓಣಿ ತಿರುವಿನತನಕ ಬಂದ್ಲು. ಅದಽ ನನಗ ಆಶಾ ಆತು, ಬಾಯಿ ಬಿಚ್ಚಿದೆ. "ನನಗ ಎಲ್ಲಾರೂ ಮೋಸ ಮಾಡಿದ್ರಲ್ಲಽ. ಆ ಮಷಿನ್ ಸುಮ್ಮನ ಇದ್ದು ಮೋಸ ಮಾಡಿತು. ಸರ್ ಗೊತ್ತಿದ್ದೂ ಮೋಸ ಮಾಡಿದ್ರು."

ಅಕಿ ಸೆರಗಿನ್ಯಾಗ ಕೈ ಒರಸಿಕೋತ ಅಂದ್ಲು. ಅಕಿ ಧ್ವನಿಯೊಳಗ ಆಗಲೂ ಸಿಟ್ಟಿರಲಿಲ್ಲ.

"ಮಷಿನ್ನಿಗೆ ನನ್ನ ಗುರುತ ಇರಲಿಲ್ಲ. ಸರ್‌ಗೆ ನಾ ಬೇಕಾಗಿರಲಿಲ್ಲ. ಅವರಿಬ್ಬರ ಮ್ಯಾಲೆ ನಂದೇನೂ ಇಲ್ಲ ಬಿಡು. ನೀ ಮೀಟಿಂಗಿನ್ಯಾಗ ಪ್ರೊಸೆಸರ್ ಏನಂತೈತಿ ಹೇಳಿದಿ, ಕರ್ನೆಲ್ ಏನಂತೈತಿ ಹೇಳಿದಿ. ಮೂರು ದಿವಸ ನಾ ಬಾಜೂಕ ಕುಂತಿದ್ದೆ. ನೀ ಮಾಡಿದೇನಽ ಅಂತ ಒಂದು ಮಾತು ನನ್ನ ಕೇಳಲಿಲ್ಲ."

ಅಷ್ಟಂದು ತಿರಗಿ ಮನಿ ಕಡೆ ನಡದ್ಲು. ಖರೇ ಹೇಳ್ತೇನಿ, ಅಕಿ ಅನ್ನೂತನಕ ನನಗ ಅಕಿನ್ನ ಕೇಳಬಹುದಿತ್ತು ಅನ್ನೂದಽ ಹೊಳದಿದ್ದಿಲ್ಲ.